ಖಾಲಿ ಡಬ್ಬಿ

ಭಾನುವಾರ, 12 ಅಕ್ಟೋಬರ್ 2025

ಅತ್ತೆಯ ಮೇಲೆ ಇವತ್ತು ಕುರುಡುಮಲೆಯಲ್ಲಿ ಮೊದಲ ಸಲ ಅನುಮಾನ ಬಂತು. ಗಣಪತಿ ದರ್ಶನ ಮುಗಿಸಿ ಹುಣಸೆಮರದ ಕೆಳಗೆ ಊಟಕ್ಕೆ ಕೂತಿದ್ದೆವು. ಒಂದೂವರೆ ವರ್ಷದ ಲಾಸ್ಯ ನನ್ನ ಕ್ಯಾರೆಟ್ ಅನ್ನಕ್ಕೆ ಮುಖ ತಿರುಗಿಸಿದಳು. ಅವಳಪ್ಪನ ತಟ್ಟೆಯಿಂದ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ಗುಳುಕ್ಕನೆ ನುಂಗಿದಳು. ಯಾರೂ ಕಲಿಸದೆ ಇದು ಬರುತ್ತದೆಯೇ?

"ಮಗೂಗೆ ಮುದ್ದೆ ತಿನ್ನಿಸ್ತಿದ್ದೀರಾ ಅತ್ತೆ?"

"ಅಯ್ಯೋ, ನಾನ್ಯಾಕಮ್ಮ ತಿನ್ನಿಸ್ಲಿ? ಕೋಲಾರದ ರಕ್ತ ಅಲ್ವಾ, ತಾನಾಗೇ ಬಂದೈತೆ," ಎಂದರು, ನನ್ನ ಮುಖ ನೋಡದೆ.

ಮೂರು ತಿಂಗಳಿಂದ ಕೆಲಸಕ್ಕೆ ಹೋಗುವ ಮುಂಚೆ ಮಗುವಿಗೆಂದು ಅನ್ನ ಕಲಸಿಟ್ಟು ಹೋಗುತ್ತಿದ್ದೇನೆ. ಸಂಜೆಗೆ ಅತ್ತೆ ಡಬ್ಬಿ ತೊಳೆದು ಬೋರಲು ಹಾಕಿ, "ಪೂರ್ತಿ ತಿಂದ್ಲು ಕಣಮ್ಮ" ಎನ್ನುತ್ತಾರೆ. ನಾನೋ, ಪ್ರತಿದಿನವೂ ಹಿಗ್ಗುತ್ತಿದ್ದೆ.

ಮನೆಗೆ ಬಂದ ತಕ್ಷಣ ಲಾಸ್ಯ ಅದೇ ಡಬ್ಬಿಯನ್ನು ಅವುಚಿಕೊಂಡು ಹಿತ್ತಿಲ ಬಾಗಿಲಿಗೆ ಓಡಿದಳು. "ಕಯ್ಯಾ, ಬಾ ಬಾ!"

ಅತ್ತೆಗೆ ಒಳಗೆ ಏನೋ ಕೆಲಸ ನೆನಪಾಯಿತು.

ನಮ್ಮ ನಾಯಿ ಕರಿಯ ಈಚೆಗೆ ಯಾಕೋ ದುಂಡಗಾಗಿದೆ. ಬಾಲ ಆಡಿಸುತ್ತ ಬಂದು, ಇವತ್ತೇಕೆ ಇಷ್ಟು ತಡ ಎನ್ನುವಂತೆ ನನ್ನನ್ನೇ ನೋಡಿತು.