ಸದಸ್ಯರ ಸಂಖ್ಯೆ: ಎರಡು

ಯುವ ಸ್ವಯಂಸೇವಕರ ವಸತಿ ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ಪರದೇಶದಿಂದ ಅಷ್ಟಿಷ್ಟು ಕನ್ನಡ ಕಲಿತೇ ಬಂದು ನನ್ನ ಮನೆಯಲ್ಲಿ ಐದು ತಿಂಗಳಿದ್ದ ಹುಡುಗಿಯನ್ನು ಕಳೆದ ಸೋಮವಾರ ತಾವು ಬೇರೆ ಮನೆಗೆ ಸಾಗಿಸಿದಿರಿ. ಕಾರಣ, ನಾನು ಅರ್ಜಿಯಲ್ಲಿ ಸುಳ್ಳು ಬರೆದೆನಂತೆ. ಬರೆದದ್ದು ನಿಜ. 'ಕುಟುಂಬದ ಸದಸ್ಯರ ಸಂಖ್ಯೆ' ಎಂಬಲ್ಲಿ 'ಎರಡು' ಎಂದು ತುಂಬಿದೆ. ಹೆಂಡತಿ ತೀರಿಕೊಂಡು ಆಗಲೇ ಒಂದೂವರೆ ವರ್ಷವಾಗಿತ್ತು. ಮೂವತ್ತೆಂಟು ವರ್ಷ ಆ ಜಾಗದಲ್ಲಿ ಎರಡೆಂದೇ ಬರೆದ ಕೈ ಸ್ವಾಮಿ. ಆ ಕೈಗೆ ಮರಣ ಪ್ರಮಾಣಪತ್ರವನ್ನು ಯಾರೂ ತೋರಿಸಿರಲಿಲ್ಲ.

ಆ ಹುಡುಗಿಯ ದಿನ ಹೇಗೆ ಕಳೆಯುತ್ತದೆಂದು ತಮ್ಮ ಕಡತಕ್ಕೆ ಗೊತ್ತೇ? ಬೆಳಿಗ್ಗೆ ಎಂಟಕ್ಕೆ ಕಿವಿ ಕೇಳದ ಮಕ್ಕಳ ಶಾಲೆ. ಇಪ್ಪತ್ತೆರಡು ಮಕ್ಕಳ ಉಗುರು ಕತ್ತರಿಸಬೇಕು, ಶೂ ಲೇಸು ಕಟ್ಟಬೇಕು, ಚಿತ್ರ ಅಂಟಿಸಬೇಕು, ಮಾತೆಲ್ಲ ಕೈಯಲ್ಲೇ. ಬಿಡುವಿನಲ್ಲಿ ಶಿಕ್ಷಕಿಯರು ಮನೆಯ ಸುದ್ದಿ ಹರಟುವಾಗ ಈಕೆ ಮೆಟ್ಟಿಲ ಮೇಲೆ ಒಬ್ಬಳೇ ಡಬ್ಬಿ ಬಿಚ್ಚುತ್ತಾಳೆ. ಸಂಜೆ ಬಂದು ಚಪ್ಪಲಿ ಬಿಡುವ ಮೊದಲೇ, "ತಾತ, ಬೆಳಿಗ್ಗೆಯಿಂದ ಬಾಯೇ ಬಿಟ್ಟಿಲ್ಲ, ಏನಾದ್ರೂ ಮಾತಾಡಿ" ಅನ್ನುತ್ತಿದ್ದಳು. ನಾನೂ ಬಿಟ್ಟಿರುತ್ತಿರಲಿಲ್ಲ. ಕಾಲೇಜಿನ ಇಂಗ್ಲಿಷಿನಲ್ಲಿ ನನಗೆ ಪೂರ್ತಿಯಾಗಿ ಉಳಿದಿರುವುದು ಮೇಷ್ಟರು ಉದಾಹರಣೆಗೆಂದು ಬರೆಸಿದ ಒಂದೇ ವಾಕ್ಯ: "ಐ ಹ್ಯಾವ್ ಬೀನ್ ವೇಟಿಂಗ್ ಸಿನ್ಸ್ ಮಾರ್ನಿಂಗ್." ಅದನ್ನೇ ಹೇಳುತ್ತಿದ್ದೆ. "ಇವತ್ತೂ ಅದೇನಾ?" ಎಂದು ನಗುತ್ತಿದ್ದಳು. ಆಮೇಲೆ ಅಡುಗೆಮನೆಯ ಮೇಜಿನ ಬಳಿ ಅವಳು ಕನ್ನಡ ಪತ್ರಿಕೆಯನ್ನು ಗಟ್ಟಿಯಾಗಿ ಓದುವುದು, ನಾನು ತಿದ್ದುವುದು. ಒಮ್ಮೊಮ್ಮೆ ತಿದ್ದದೆ ಸುಮ್ಮನೆ ಕೇಳುವುದು. ಎಲ್ಲಿದ್ದೆ? ಹಾಂ, ತಪಾಸಣೆ.

ತಮ್ಮ ಕಚೇರಿಯ ಮೇಡಂ ಬಂದು, "ಮನೆಯವ್ರು ಎಲ್ಲಿ?" ಎಂದರು. ಗೋಡೆಯ ಫೋಟೋ ತೋರಿಸಿದೆ.

"ಮತ್ತೆ ಎರಡು ಅಂತ ಬರ್ದಿದೀರಲ್ಲ ಯಜಮಾನ್ರೇ!"

ಹುಡುಗಿಯೇ ನಡುವೆ ಬಾಯಿ ಹಾಕಿ, "ಎರಡೇ ಸರಿ ಮೇಡಂ. ನಾನು ಇದೀನಲ್ಲ" ಅಂದಳು.

ಅತಿಥಿಯನ್ನು ಸದಸ್ಯರೆಂದು ಎಣಿಸಲು ನಿಯಮದಲ್ಲಿ ಅವಕಾಶವಿಲ್ಲವಂತೆ. ನಿಯಮ ಬರೆದವರು ಯಾರ ಮನೆಯಲ್ಲೂ ಕೂತು ಉಂಡವರಲ್ಲವೇ? ಒಂಟಿ ಗಂಡಸಿನ ಮನೆಯಲ್ಲಿ ಹೆಣ್ಣುಮಗಳು ಎಂಬ ತಮ್ಮ ಅಳುಕು ನನಗೂ ಅರ್ಥವಾಗುತ್ತದೆ. ಆದರೆ ಮನೆ ಬದಲಿಸಿದ್ದು ಸಾಲದೆ, ನಾನು ಅವಳನ್ನು ಭೇಟಿಯಾಗಲೇಕೂಡದು ಎಂಬ ಆದೇಶವನ್ನು ಯಾವ ಪುಣ್ಯಾತ್ಮ ಹೊಸೆದ?

ಆದೇಶ ಮೀರಿದ್ದೇನೆ. ಮೊನ್ನೆ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಈಗಿನದು ಐದು ಜನರ ಮನೆ, ನಿಯಮಬದ್ಧ ಕುಟುಂಬ. "ಎಲ್ರೂ ಒಳ್ಳೆಯವ್ರೇ ತಾತ. ಆದ್ರೆ ಒಬ್ಬೊಬ್ರೂ ಒಂದೊಂದು ಹೊತ್ತಿಗೆ ತಟ್ಟೆ ತಗೊಂಡು ರೂಮಿಗೆ ಹೋಗಿ ಬಾಗ್ಲು ಹಾಕ್ಕೋತಾರೆ." ಕೈಯಲ್ಲಿ ತಾವು ಕೇಳುವ ವಾರದ ವರದಿಯಿತ್ತು: 'ಕುಟುಂಬದೊಂದಿಗೆ ಕಳೆದ ಮೂರು ಸಂತಸದ ಕ್ಷಣಗಳು.' "ಏನ್ ಬರೀಲಿ?" ಎಂದಳು. ನಾನು ಒಂದನ್ನೂ ಹೇಳಿಕೊಡಲಿಲ್ಲ. ಸುಳ್ಳು ಬರೆದು ಅನುಭವಿಸಿದವನು. "ಅರ್ಧಕ್ಕೇ ವಾಪಸ್ ಹೋಗ್ಬಿಡ್ತೀನಿ ತಾತ" ಅಂದಳು. ಅಷ್ಟರಲ್ಲಿ ಬಸ್ಸು ಬಂತು.

ಅವಳ ಅವಧಿ ಇನ್ನೂ ಏಳು ತಿಂಗಳಿದೆ. ತಾವು ಅವಳನ್ನು ಎಲ್ಲಾದರೂ ಇರಿಸಿ. ಭೇಟಿ ನಿಷೇಧವನ್ನು ಹಿಂತೆಗೆದು, ಸಂಜೆ ಐದರಿಂದ ಆರರವರೆಗೆ ನಮ್ಮ ಅಡುಗೆಮನೆಗೆ ಬರಲು ಬಿಡಿ. ಬೇಕಿದ್ದರೆ ತಮ್ಮ ಮೇಡಮ್ಮೂ ಬಂದು ಕೂರಲಿ, ಮೂರನೆಯ ಕುರ್ಚಿಯಿದೆ. ನನ್ನ ತಪ್ಪಿಗೆ ಅವಳ ಬಾಯಿ ಕಟ್ಟಬೇಡಿ.

ಅರ್ಜಿಯನ್ನು ತಿದ್ದಿ ಲಗತ್ತಿಸಿದ್ದೇನೆ. 'ಎರಡು' ಹೊಡೆದುಹಾಕಿ ಪಕ್ಕದಲ್ಲಿ 'ಒಂದು' ಎಂದು ಬರೆಯುವಷ್ಟರಲ್ಲಿ ಮಧ್ಯಾಹ್ನವಾಯಿತು.

ಇಂತಿ,
ಐ ಹ್ಯಾವ್ ಬೀನ್ ವೇಟಿಂಗ್ ಸಿನ್ಸ್ ಮಂಡೇ,
ಆ ಒಬ್ಬ ಸದಸ್ಯ