ಟ್ಯಾಂಕಿನ ಬಾಯಲ್ಲಿ ನಿಲ್ಲುವ ಕೆಲಸ

ಮಾರ್ಚ್ 4, ಸೋಮವಾರ. ಸಂಜೆ

ಮತ್ತೆ ಫೇಲ್. ಟ್ಯಾಂಕ್ ಕಾಯುವವರ ಪರೀಕ್ಷೆ, ಎರಡನೇ ಸಲ.

ಎಲ್ಲ ಸರಿಯಾಗೇ ಮಾಡಿದ್ದೆ. ಕಾರ್ಖಾನೆ ಹಿಂದಿನ ಹಳೇ ಎಣ್ಣೆ ಟ್ಯಾಂಕು, ಕಲಿಕೆಗೆಂದೇ ಇಟ್ಟದ್ದು. ಗ್ಯಾಸ್ ಮೀಟರ್ ಇಳಿಬಿಟ್ಟು ಗಾಳಿ ನೋಡಿದೆ— ಮೇಲೆ, ನಡುವೆ, ತಳದಲ್ಲಿ. ಟ್ಯಾಂಕಿಗೆ ಇಳಿಯುವ ಕೆಲಸ ನಮ್ಮನೆಯವರದು; ಅವರ ಬೆಲ್ಟಿಗೆ ಹಗ್ಗ ಸಿಕ್ಕಿಸಿದೆ. ಇಳಿದರು. ಎರಡು ನಿಮಿಷಕ್ಕೊಮ್ಮೆ "ಹೇಗಿದೀರಿ?" ಅಂದೆ. ಮೂರನೇ ಸಲ ಉತ್ತರ ಇಲ್ಲ. ಬಗ್ಗಿದರೆ ಅಂಗಾತ ಬಿದ್ದಿದ್ದಾರೆ. ನಾಟಕ ಅಂತ ಗೊತ್ತು. ಆದರೂ ನನ್ನ ಕಾಲು ಆಗಲೇ ಏಣಿಯ ಮೇಲಿತ್ತು.

ಸೇಫ್ಟಿ ಮೇಡಂ ಸೀಟಿ ಊದಿದರು. "ಒಳಗೆ ಕೆಟ್ಟ ಗಾಳಿ ಇದ್ದಿದ್ರೆ ನೀವೂ ಸತ್ತಿರ್ತಿದ್ರಿ. ಇನ್ನು ಇಬ್ಬರನ್ನ ಎತ್ತೋರು ಯಾರು?"

ಎಲ್ಲರೂ ನಕ್ಕರು. ತಳದಲ್ಲಿ ಸತ್ತವರೂ ನಕ್ಕರು.

ಹೊರಗೆ ಕಾಯುವವಳು ಒಳಗೆ ಇಳಿಯಕೂಡದು. ಇಷ್ಟೇ. ಶುಕ್ರವಾರ ಕೊನೇ ಅವಕಾಶ. ತಪ್ಪಿದರೆ ವಾಪಸ್ ಪ್ಯಾಕಿಂಗಿಗೆ, ಡಬ್ಬಕ್ಕೆ ಲೇಬಲ್ ಅಂಟಿಸಲು. ಏಳು ವರ್ಷ ಅಂಟಿಸಿದ್ದೇನೆ. ಈ ಕೆಲಸ ನನಗೆ ಬೇಕೇ ಬೇಕು.

ಮಾರ್ಚ್ 6

ಮನೆಯಲ್ಲೇ ಪ್ರಾಕ್ಟೀಸ್. ಅವರು ಮಂಚದ ಕೆಳಗೆ, ನಾನು ಮಂಚದ ಮೇಲೆ. ವಾಕಿಟಾಕಿ ಬದಲು ಸೌಟು. "ಒಬ್ಬರು ಬಿದ್ದಿದ್ದಾರೆ, ರೆಸ್ಕ್ಯೂ ಕಳಿಸಿ." ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. "ಮದುವೆಯಾಗಿ ಹನ್ನೊಂದು ವರ್ಷ. ಇಬ್ಬರಿಗೂ ಇನ್ನೂ ಬುದ್ಧಿ ಬಂದಿಲ್ಲ," ಅಂದು ಹೋದರು. ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯಿತು.

ಮಾರ್ಚ್ 8, ಶುಕ್ರವಾರ. ಮಧ್ಯಾಹ್ನ 1

ಪಾಸ್.

ಆತುರಕ್ಕೆ ಅಕ್ಷರವೆಲ್ಲ ಕಾಗೆ ಕಾಲು ಗುಬ್ಬಿ ಕಾಲು. ಈ ಸಲ ಅವರು ಬೀಳುವಾಗ ನನ್ನ ಹೆಸರು ಕೂಗಿದರು— ಮನೆಯಲ್ಲಿ ಕರೆಯುವ ಹೆಸರು. ಮೇಡಂದೇ ಕಿತಾಪತಿ. ಕಾಲು ಏಣಿಯತ್ತ ಹೊರಟೇಬಿಟ್ಟಿತ್ತು. ಎರಡೂ ಕಾಲು ನೆಲಕ್ಕೆ ಊರಿ ನಿಂತೆ. ರೆಸ್ಕ್ಯೂಗೆ ಕರೆದೆ. ಹಗ್ಗ ಸುತ್ತಿ ಮೇಲೆಳೆಯುವ ವಿಂಚ್ ತಿರುಗಿಸಿದೆ, ತಿರುಗಿಸಿದೆ... ಮೊದಲು ತಲೆ ಬಂತು. ಹೊಟ್ಟೆ ಮಾತ್ರ ಟ್ಯಾಂಕಿನ ಬಾಯಲ್ಲಿ ಸ್ವಲ್ಪ ಸಿಕ್ಕಿಕೊಂಡಿತು. ನಾಲ್ಕೇ ನಿಮಿಷ. ಮೇಡಂ ಕೈ ಕುಲುಕಿದರು. ಖುಷಿಗೆ ಅತ್ತುಬಿಟ್ಟೆ.

ಸಂಜೆ

ಪುಣ್ಯಾತ್ಮ ಮುಖ ಊದಿಸಿಕೊಂಡು ಕೂತಿದ್ದಾರೆ.

"ಹೆಸರು ಹಿಡಿದು ಕೂಗಿದೆ. ಬರ್ಲೇ ಇಲ್ಲ ನೀನು."

"ಬಂದಿದ್ರೆ ಫೇಲ್ ಆಗ್ತಿದ್ದೆ."

"ಅದು ಗೊತ್ತು. ಆದ್ರೂ."

ಮಾರ್ಚ್ 19, ಮಂಗಳವಾರ

ಬರೆಯಲು ಪುರುಸೊತ್ತೇ ಇರಲಿಲ್ಲ. ಆರು ಟ್ಯಾಂಕ್ ಕಾದೆ. ಒಳಗೆ ಹೋದವರೆಲ್ಲ ನೆಟ್ಟಗೆ ಹೊರಗೆ ಬಂದರು. ಮೊನ್ನೆ ಮ್ಯಾನೇಜರನ್ನೇ ತಡೆದೆ. ಪರ್ಮಿಟ್ ಇಲ್ಲದೆ ಒಳಗೆ ಇಳಿಯಲು ಬಂದಿದ್ದರು. ತಣ್ಣಗೆ ವಾಪಸ್ ಹೋದರು.

ಇವತ್ತು ನಮ್ಮನೆಯವರ ಪರೀಕ್ಷೆ. ಇಳಿಯುವವರೂ ಹೊರಗಿನ ಕೆಲಸ ಕಲಿಯಬೇಕಂತೆ. ಬೀಳುವ ಸರದಿ ನನ್ನದು. "ನಾನೇನು ನಿನ್ನ ಹಾಗೆ ಗಾಬರಿ ಆಗಲ್ಲ, ನೋಡ್ತಿರು," ಬೆಳಿಗ್ಗೆಯಿಂದ ಒಂದೇ ಬಡಾಯಿ.

ಇಳಿದೆ. ಎರಡು ಸಲ ಉತ್ತರ ಕೊಟ್ಟೆ. ಮೂರನೇ ಸಲಕ್ಕೆ ಸುಮ್ಮನೆ ಕಣ್ಣು ಮುಚ್ಚಿ ಮಲಗಿದೆ. ಕೂಗಲೂ ಇಲ್ಲ.

ಏಣಿ ದಡದಡ ಅಂದಿತು. ಆಮೇಲೆ ಸೀಟಿ. ಕಣ್ಣು ಬಿಟ್ಟರೆ ಎದುರಿಗೇ ಅವರ ಮುಖ, ಬೆವರು ಸುರೀತಿದೆ. ಬೆಲ್ಟಿಲ್ಲ, ಹಗ್ಗವಿಲ್ಲ.

"ಬುದ್ಧಿ ಇದೆಯೇನ್ರಿ? ಈಗ ಇಬ್ಬರೂ ಸತ್ತಿದೀವಿ."

ಚೆನ್ನಾಗಿ ಬೈದೆ. ಬೈಯಲೇಬೇಕು. ಗುರುವಾರ ಮತ್ತೆ ಪರೀಕ್ಷೆ, ಅಷ್ಟರಲ್ಲಿ ಕಲಿಸಿಯೇ ತೀರುತ್ತೇನೆ. ಈ ಮನುಷ್ಯ ಇನ್ನೊಮ್ಮೆ ಹಾಗೆ ಇಳಿಯಕೂಡದು. ಖಂಡಿತ ಕೂಡದು. ಆದರೆ ಆ ಮುಖ ನೋಡಿದ ಕೂಡಲೇ ನನಗಾದ ಖುಷಿ— ಅದನ್ನು ಮಾತ್ರ ಅವರಿಗೆ ಹೇಳೋದಿಲ್ಲ.