ಈರಸಂಗ ಕಂಡ ಬಿರುಕು

ಆಲಮಟ್ಟಿ ಹಿನ್ನೀರಿನ ದಂಡೆ,
ಕೃಷ್ಣೆ ತುಂಬಿದ ಹುಣ್ಣಿಮೆ, ೨೨೪೧

ನನ್ನ ಮೊಮ್ಮಗಳ ಮೊಮ್ಮಗಳೇ,

ನಿನ್ನ ಹೆಸರು ನನಗೆ ಗೊತ್ತಿಲ್ಲ. ನನ್ನ ಮಾತು ನಿನ್ನ ಕಿವಿಗೆ ಒರಟಾಗಿಯೋ ಹಳತಾಗಿಯೋ ಕೇಳಿಸಿದರೆ ಮನ್ನಿಸು. ನಾನು ಸಾತವ್ವ, ನೀರ್ಹಕ್ಕಿ ನಡೆಸುತ್ತಿದ್ದವಳು.

ನೀರ್ಹಕ್ಕಿ ಎಂದರೆ ನೀರಿನ ಮೇಲೆಯೇ ಇಳಿದು ಏಳುವ, ಎಂಟು ಜನ ಕೂರುವ ಸಣ್ಣ ವಿಮಾನ. ಬೇಸಿಗೆಯಲ್ಲಿ ರಸ್ತೆಗಳು ಕಾದ ಹೆಂಚಿನಂತಾಗಿ ಹಗಲೆಲ್ಲ ಮುಚ್ಚುತ್ತಿದ್ದುದರಿಂದ ಜನ ಮದುವೆಗೆ, ಆಸ್ಪತ್ರೆಗೆ, ಸಂತೆಗೆ ಇದರಲ್ಲೇ ಓಡಾಡುತ್ತಿದ್ದರು. ಮಡಿಲಲ್ಲಿ ಬದನೆಕಾಯಿ ಗಂಟು, ರೊಟ್ಟಿ ಬುತ್ತಿ. ಬಿಸಿಲನ್ನೇ ಕುಡಿದು ಹಾರುವ ಯಂತ್ರವಾದ್ದರಿಂದ ಸದ್ದು ಕಡಿಮೆ. ಹಿಂದೆ ಕೂತವರು ಸೊಸೆಯನ್ನು ದೂರುವುದೂ ನನಗೆ ಕೇಳಿಸುತ್ತಿತ್ತು.

ಒಂದು ದಿನ ನಾರಾಯಣಪುರದಿಂದ ಆಲಮಟ್ಟಿಗೆ ಹೊರಟಿದ್ದೆವು. ನದಿಯ ಮೇಲೆ ಗಾಳಿ ಒಮ್ಮೆ ಎತ್ತಿ ಕುಕ್ಕಿತು. ಬಲಗಡೆ ‘ಟಣ್’ ಎಂದು ಸದ್ದಾಯಿತು. ರೆಕ್ಕೆಯನ್ನು ಒಡಲಿಗೆ ಬಿಗಿದಿಡುವ ಓರೆಕೋಲಿನ ಬುಡದ ಸದ್ದು ಅದು. ನನ್ನ ಜಾಗದಿಂದ ಆ ಬುಡ ಕಾಣುವುದಿಲ್ಲ. ಬಲಗಡೆ ಕಿಟಕಿಯ ಹತ್ತಿರ ಕೂತಿದ್ದವನು ಈರಸಂಗ, ಹಾಡು ಕಲಿಸುವ ಮೇಷ್ಟ್ರು. ಹಾರುವ ಭಯಕ್ಕೆ ಕಣ್ಣು ಮುಚ್ಚಿಕೊಂಡಿದ್ದ.

“ಮಾಸ್ತರ, ಕಣ್ಣ ತಗೀರಿ. ಆ ಕೋಲಿನ ಬುಡ ಹೆಂಗೈತಿ ನೋಡಿ ಹೇಳ್ರಿ.”

“ಏನಿಲ್ರಿ, ಚಲೋನ ಐತಿ,” ಎಂದ. ಕಣ್ಣು ತೆರೆದು ನೋಡಿ, ಹಿಂದಕ್ಕೆ ತಿರುಗಿಕೊಂಡು ಹೇಳಿದ ಮಾತು ಅದು. ಅವನ ಹಿಂದೆ ಒಬ್ಬ ಬಾಣಂತಿ ಕೂಸನ್ನು ಎದೆಗವಚಿಕೊಂಡಿದ್ದಳು. ಅವಳಿಗೆ ಕೇಳಿಸಲೆಂದೇ ಹಾಗೆ ಹೇಳಿದ್ದ.

“ಧೈರ್ಯ ಆಮೇಲೆ ಹೇಳ್ರಿ. ನನಗ ಅದು ಕಾಣಂಗಿಲ್ಲ. ಈಗ ಖರೇ ಹೇಳ್ರಿ.”

ಅವನು ಮತ್ತೆ ಕೆಳಗೆ ನೋಡಿದ. “ಸೀಳೈತ್ರಿ. ಬೆರಳು ಹೋಗುವಷ್ಟು ಬಾಯಿ ಬಿಟ್ಟೈತಿ. ಇನ್ನೂ ಅಗಲ ಆಗಾಕ್ಹತ್ತೈತಿ.”

ಆಲಮಟ್ಟಿಯಲ್ಲಿ ನಾವು ಇಳಿಯುವ ಕಟ್ಟೆಗೆ ಹೋಗಬೇಕೆಂದರೆ ವಿಮಾನವನ್ನು ವಾಲಿಸಿ ತಿರುಗಿಸಬೇಕಿತ್ತು. ತಿರುಗಿಸಿದರೆ ಆ ಕೋಲಿನ ಮೇಲೆ ಭಾರ ಹೆಚ್ಚುತ್ತದೆ. ಅವನು ಖರೇ ಹೇಳಿದ್ದರಿಂದ ನಾನು ತಿರುಗಿಸಲಿಲ್ಲ. ವೇಗ ತಗ್ಗಿಸಿ, ನೇರವಾಗಿ, ಬೆನ್ನಿಗೆ ಗಾಳಿ ಇದ್ದು ಇಳಿಯುವುದು ಕಷ್ಟವಾದರೂ, ಅಲ್ಲೇ ನಡು ನದಿಗೆ ಇಳಿಸಿದೆ. ಇಳಿಯುವಷ್ಟು ಹೊತ್ತೂ ಅವನು ಹೇಳುತ್ತಲೇ ಇದ್ದ: “ಹಿಡದೈತ್ರಿ... ಹಿಡದೈತಿ... ಅಲ್ಲಾಡಾಕ್ಹತ್ತೈತ್ರಿ...” ಆ ಬಾಣಂತಿ ಅಳಲಿಲ್ಲ. ಖರೇ ತಿಳಿದ ಮೇಲೆ ಅವಳು ಕೂಸನ್ನು ಸೆರಗಿನಿಂದ ಬಿಗಿಯಾಗಿ ಮೈಗೆ ಕಟ್ಟಿಕೊಂಡಿದ್ದಳು.

ನೀರು ಮುಟ್ಟಿದೊಡನೆ ರೆಕ್ಕೆ ಕಳಚಿ ಬಿತ್ತು. ವಿಮಾನ ಗಿರಕಿ ಹೊಡೆದು ಒಂದು ಮಗ್ಗುಲಿಗೆ ಮಲಗಿತು. ನನ್ನ ಎಡಗಾಲು ಮುರಿಯಿತು. ಮೀನುಗಾರರ ದೋಣಿಗಳು ಬಂದು ಎಲ್ಲರನ್ನೂ ಎತ್ತಿಕೊಂಡವು, ಕೂಸನ್ನೂ.

ಬಣ್ಣದ ಪದರದ ಕೆಳಗೆ ಆ ಬಿರುಕು ಎಷ್ಟೋ ದಿನದಿಂದ ಬೆಳೆಯುತ್ತಿತ್ತಂತೆ. ಬೆಳಿಗ್ಗೆ ನಾನು ಸುತ್ತಲೂ ನೋಡಿಯೇ ಹೊರಟಿದ್ದೆ, ಬರಿಗಣ್ಣಿಗೆ ಸಿಗುವಂಥದ್ದಲ್ಲ. ಆಮೇಲೆ ಎಲ್ಲ ನೀರ್ಹಕ್ಕಿಗಳ ಕೀಲುಗಳನ್ನೂ ಬಿಚ್ಚಿ ನೋಡಿದರು. ಇನ್ನೆರಡರಲ್ಲಿ ಅಂಥದೇ ಬಿರುಕು ಸಿಕ್ಕಿತು. ಅವುಗಳಲ್ಲಿ ಕೂರಬೇಕಾಗಿದ್ದವರು ತಮಗೇನು ತಪ್ಪಿತೆಂದು ತಿಳಿಯದೆಯೇ ಬದುಕಿದರು.

ಈರಸಂಗ ಆಸ್ಪತ್ರೆಗೆ ಬಂದ. “ಮೊದಲ ಸುಳ್ಳ ಹೇಳಿದೆ, ಸಿಟ್ಟಾಗಬ್ಯಾಡ್ರಿ,” ಎಂದ. ಮರುದಿನವೂ ಬಂದ. ನಿನಗೆ ಅವನು ಅಜ್ಜಿಯ ಅಜ್ಜ. ನನಗೆ ಮಾತ್ರ ಮಂಚದ ಪಕ್ಕ ಕಿತ್ತಳೆ ಸುಲಿಯುತ್ತ ಕೂತ ಮೇಷ್ಟ್ರು.

ನೀನೂ ಹಾರುವವಳಾಗಬಹುದು. ಆಗ ನಿನ್ನ ತಾಯಿ ದಂಡೆಯಲ್ಲಿ ನಿಂತು ನಿನ್ನನ್ನು ತಡೆಯಲು ಏನೇನೋ ನೆಪ ತೆಗೆಯುತ್ತಾಳೆ. ನನ್ನ ಮಗಳು ಮೊದಲ ಸಲ ಹೊರಟಾಗ ನಾನೇ ತೆಗೆದಿದ್ದೆ. ಬೈಯಬೇಡ. ಸ್ವಲ್ಪ ಹೊತ್ತು ಅವಳ ಕೈ ಹಿಡಿದುಕೊಂಡು ನಿಲ್ಲು. ಆಮೇಲೆ ಹೋಗಿ ಬಾ.